ಈರಸಂಗಪ್ಪ ಬರೆದ ‘ಇಲ್ಲ’

ನೀರಕೋಟೆ, ಕೃಷ್ಣೆಯ ಉತ್ತರ ದಂಡೆ
2214ನೇ ಇಸವಿ, ಆಷಾಢ ಬಹುಳ ತದಿಗೆ

ನನಗಿಂತ ಎಂಟು ತಲೆ ಹಿಂದಿನ ಹಿರಿಯರಿಗೆ ನೀಲಗಂಗವ್ವ ಕಡಕೋಳಳ ಶರಣು.

ಇನ್ನೂ ಬಾರದ ಇಸವಿಯನ್ನು ಕಂಡು ಗಾಬರಿಯಾಗಬೇಡಿ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ಏಳು ಊರುಗಳ ಕುಡಿಯುವ ನೀರನ್ನು ಕಾಯುವ ಜಾಗಕ್ಕೆ ನಾವು ನೀರಕೋಟೆ ಎನ್ನುತ್ತೇವೆ. ಬೆಳಿಗ್ಗೆ ಒಂದು ತಾಸು ನಳ ಬರುತ್ತದೆ. ಬಾಣಂತಿಯರಿರುವ ಮನೆಗೆ ಸಂಜೆ ಇನ್ನರ್ಧ ತಾಸು. ನೀರು ಬಿಡುವ ಕೋಣೆಗೆ ಹೋಗಲು ಒಳಗೀಲಿ ಬೇಕು. ನಿಮ್ಮ ಕಾಲದಲ್ಲಿ ಇದಕ್ಕೆ ಭದ್ರತಾ ಅನುಮತಿ ಎನ್ನುತ್ತಿದ್ದರಂತೆ. ಅದನ್ನು ಕೇಳಿದವರ ಹಿಂದುಮುಂದು ವಿಚಾರಿಸುವುದೇ ನನ್ನ ಕೆಲಸ. ಇಪ್ಪತ್ತು ವರ್ಷದಿಂದ ಜನರನ್ನು ಅನುಮಾನಿಸಿಯೇ ಅನ್ನ ತಿಂದಿದ್ದೇನೆ.

ಈರಸಂಗಪ್ಪ ನೀರು ಬಿಡುವ ಗೇಟಿನ ಕಾವಲುಗಾರ. ಎರಡು ವರ್ಷದ ಒಳಗೀಲಿ ಮುಗಿದು, ನವೀಕರಣಕ್ಕೆ ನನ್ನ ಮುಂದೆ ಬಂದಿದ್ದ. ‘ಕುಡಿತಕ್ಕೆ ಚಿಕಿತ್ಸೆ ಪಡೆದಿದ್ದೀರಾ?’ ಎಂಬ ಅರ್ಜಿಯ ಪ್ರಶ್ನೆಗೆ ಮೊದಲ ಸಲದಂತೆ ಈಗಲೂ ‘ಇಲ್ಲ’ ಎಂದು ಬರೆದಿದ್ದ. ಈ ಸಲ ನಾನು ದವಾಖಾನೆಗಳ ದಾಖಲೆಯನ್ನೂ ತರಿಸಿದ್ದೆ. ಮೊದಲ ಅರ್ಜಿಗೆ ಆರು ತಿಂಗಳ ಮುಂಚೆ, ಕುಡಿತ ಬಿಡಿಸುವ ವಾರ್ಡಿನಲ್ಲಿ ಅವನು ನಲವತ್ತೊಂದು ದಿನ ಇದ್ದ.

“ಅಲ್ಲಿ ಯಾಕ ಇದ್ರಿ?” ಎಂದೆ.

“ಕಾಮಾಲೆ ಆಗಿತ್ರೀ, ಅಕ್ಕಾರ.”

“ಕಾಮಾಲೆ ಆದವ್ರನ್ನ ಆ ವಾರ್ಡಿನ್ಯಾಗ ಇಡೂದಿಲ್ಲ.”

ಅವನು ಕಡೆಗೆ ಬಾಯಿಬಿಟ್ಟ. “ಕುಡೀತಿದ್ದೆ ಖರೇ. ಬಿಟ್ಟು ಎರಡೂವರಿ ವರ್ಷ ಆತು. ಬರೀಬ್ಯಾಡ ಅಂತ ಸಾಹೇಬ್ರ ಹೇಳಿದ್ರು.”

“ಯಾವ ಸಾಹೇಬ್ರು?”

ಅವನು ಬಾಗಿಲ ಕಡೆ ನೋಡಿದ. “ದೇಸಾಯಿ ಸಾಹೇಬ್ರು. ದವಾಖಾನಿ ಚೀಟಿ ಅವ್ರ ಕಡೆನ ಐತ್ರೀ. ಹೋದ ಬ್ಯಾಸಗ್ಯಾಗ ಹಿರೇಮಟ್ಟಿ ಗೇಟು ಬಂದ್ ಮಾಡಿ, ನೀರು ಬ್ಯಾರೆ ಕಡೆ ತಿರುವಿದ್ದು ಅವ್ರ. ನಾ ನೋಡೀನಿ. ಬಾಯಿ ಬಿಟ್ರ ಚೀಟಿ ಹೊರಗ ಬರತೈತಿ ಅಂದ್ರು. ಸುಮ್ಮ ಕುಂತೆ.”

ಹಿರೇಮಟ್ಟಿ ನಮ್ಮ ಏಳು ಊರುಗಳಲ್ಲೊಂದು. ಗೇಟು ಬಂದಾಗಿದ್ದ ಆ ಮೂರು ದಿನ ಅಲ್ಲಿನ ಜನ ಹೊಂಡದ ನೀರು ಕುಡಿದಿದ್ದರು. ವಾಂತಿಭೇದಿಯಿಂದ ಎರಡು ಕೂಸುಗಳು ತೀರಿಕೊಂಡವು. ಯಂತ್ರ ಕೆಟ್ಟಿತ್ತೆಂದು ನಾವೆಲ್ಲ ನಂಬಿದ್ದೆವು.

“ಮೊದಲ ಸಲನ ಖರೇ ಬರದಿದ್ರ ಕೀಲಿ ಸಿಗತಿತ್ತೇನ್ರೀ?” ಎಂದು ಅವನೇ ಕೇಳಿದ.

“ಒಂದು ವರ್ಷ ತಡದು ನೋಡತಿದ್ವಿ. ಕುಡೀಲಾರದ ಇದ್ದಿದ್ರ ಕೊಡತಿದ್ವಿ.”

ಅವನು ಅತ್ತ. ನನ್ನೆದುರು ಅಳುವವರನ್ನು ನಾನು ನಂಬುವುದಿಲ್ಲ, ಅವನನ್ನೂ ನಂಬಲಿಲ್ಲ. ಗೇಟಿನ ದಾಖಲೆ ತೆಗೆಸಿದೆ. ಅವನು ಹೇಳಿದ ದಿನ, ಹೇಳಿದ ಹೊತ್ತಿಗೇ ಗೇಟುಗಳ ಮೇಲಧಿಕಾರಿ ಚನ್ನವೀರ ದೇಸಾಯಿಯ ಕೀಲಿ ತಿರುಗಿತ್ತು. ನೀರು ಹೋದದ್ದು ದೇಸಾಯಿಯ ಬೀಗರ ತೋಟದ ಕೆರೆಗೆ.

ದೇಸಾಯಿ ಒಂದು ಹನಿ ಹೆಂಡ ಮುಟ್ಟಿದವನಲ್ಲ. ಅದೊಂದೇ ಕಾರಣಕ್ಕೆ ಅವನ ಒಳಗೀಲಿಗೆ ನಾನು ಎರಡು ಸಲ, ಏನೂ ಕೇಳದೆ, ಸಹಿ ಹಾಕಿದ್ದೆ. ಕುಡಿದವರ ಉಸಿರನ್ನೇ ಮೂಸುತ್ತ ಕುಳಿತವಳಿಗೆ ಕುಡಿಯದವನ ಸುಳ್ಳು ಕಾಣಲಿಲ್ಲ. ಇದನ್ನು ವರದಿಯಲ್ಲಿ ಬರೆಯಲು ನಾನೂ ಎರಡು ದಿನ ತಡೆದೆ. ಆ ಎರಡು ದಿನ ಈರಸಂಗಪ್ಪನ ಭಯ ಎಂಥದೆಂದು ತಿಳಿಯಿತು. ಬರೆದೆ, ನನ್ನ ಬಡ್ತಿ ನಿಂತಿತು. ದೇಸಾಯಿ ಈಗ ಜೈಲಿನಲ್ಲಿದ್ದಾನೆ.

ಈರಸಂಗಪ್ಪನ ಕೀಲಿ ಕಸಿದುಕೊಂಡರು. ಅದು ಕುಡಿತಕ್ಕಲ್ಲ, ಸುಳ್ಳಿಗೆ ಮತ್ತು ಆ ಮೌನಕ್ಕೆ. ಈಗ ಅವನು ಹೊರಗಿನ ಕಾಲುವೆಯ ಹೂಳು ತೆಗೆಯುತ್ತಾನೆ. ಮತ್ತೆ ಅರ್ಜಿ ಹಾಕಲು ಐದು ವರ್ಷ ಕಾಯಬೇಕು. “ಹಾಕತೀರೇನು?” ಎಂದು ಕೇಳಿದೆ. “ಹಿರೇಮಟ್ಟಿಗೆ ಹೋಗಿ ಬಂದೀನ್ರೀ. ಆ ತಾಯಂದಿರು ಮಾತಾಡಸಲಿಲ್ಲ,” ಎಂದಷ್ಟೇ ಹೇಳಿ ಸಲಿಕೆ ಎತ್ತಿಕೊಂಡ.

ಹಿರಿಯರೇ, ನಾವು ಇಂದಿಗೂ ಬಳಸುವ ಆ ಅರ್ಜಿ ನಮೂನೆ ನಿಮ್ಮ ಕಾಲದ್ದು. ಅದನ್ನು ಬರೆಯುವವರು ನಿಮ್ಮಲ್ಲಿ ಯಾರಾದರೂ ಆಗಿರಬಹುದು. ನನ್ನನ್ನೂ ಸುಮ್ಮನೆ ನಂಬಬೇಡಿ, ವಿಚಾರಿಸಿ ನೋಡಿ. ಆದರೆ ‘ಕುಡಿತಕ್ಕೆ ಚಿಕಿತ್ಸೆ ಪಡೆದಿದ್ದೀರಾ?’ ಎಂದು ಕೇಳಿದ ಕೆಳಗೇ, ‘ಹೌದು’ ಎಂದವರಿಗೆ ದಾರಿ ಇದೆ ಎಂದು ಒಂದು ಸಾಲು ಬರೆಯಿರಿ. ಆ ಸಾಲು ಇದ್ದಿದ್ದರೆ ಈರಸಂಗಪ್ಪ ನಿಜ ಬರೆಯುತ್ತಿದ್ದ, ಚೀಟಿಗೆ ಹೆದರದೆ ಗೇಟು ಮುಚ್ಚಿದ ದಿನವೇ ಬಾಯಿಬಿಡುತ್ತಿದ್ದ; ಆ ಎರಡು ಕೂಸುಗಳು ಇಷ್ಟೊತ್ತಿಗೆ ನಡೆಯಲು ಕಲಿತಿರುತ್ತಿದ್ದವು.