ಎಷ್ಟು ತಪ್ಪಿರಬಹುದು

ಮಾರ್ಚ್ ೨೮, ಗುರುವಾರ

ನಾಳೆಯ ಭಾಷಣ ಇನ್ನೂ ಗಂಟಲಲ್ಲೇ ಇದೆ. ನಾನು ಸಂಖ್ಯಾಶಾಸ್ತ್ರ ಕಲಿಸಲು ತೊಡಗಿ ಇಪ್ಪತ್ತೈದು ವರ್ಷವಾಯಿತೆಂದು ವಿಭಾಗದವರು ಸನ್ಮಾನ ಇಟ್ಟುಕೊಂಡಿದ್ದಾರೆ. ಮನೆಯವರಿಗೂ ಅರ್ಥವಾಗುವಂತೆ ಮಾತಾಡಬೇಕಂತೆ. ನನ್ನ ಹೆಂಡತಿ ಒಂದು ಉಪನ್ಯಾಸಕ್ಕೂ ಬಂದವಳಲ್ಲ. ಈ ಸಲವಾದರೂ ಬರಲಿ ಎಂದು ಆಸೆಯಿತ್ತು. ಕರೆಯಲು ಮಾತ್ರ ಸಂಜೆಯವರೆಗೂ ಬಾಯಿ ಬಂದಿರಲಿಲ್ಲ.

ಊಟಕ್ಕೆ ಕೂತಾಗ ಅತ್ತೆಯ ಮೇಲೆ ಪ್ರಯೋಗ ಮಾಡಿದೆ.

"ನಾವು ಹಾಕೋ ಅಂದಾಜು ಎಷ್ಟು ತಪ್ಪಿರಬಹುದು ಅಂತ ಕಂಡುಹಿಡಿಯೋದೇ ನನ್ನ ಕೆಲಸ," ಎಂದೆ.

ಅತ್ತೆ ತುತ್ತು ಕೆಳಗಿಟ್ಟರು. "ನೀವು ಎಷ್ಟು ತಪ್ಪು ಅಂತ ಹೇಳೋಕೆ ಸಂಬಳ ಕೊಡ್ತಾರಾ ಅಳಿಯಂದ್ರೇ? ನನ್ನ ಮಗಳು ದಿನಾ ಪುಕ್ಕಟೆ ಹೇಳ್ತಾಳಲ್ಲ!"

ಹೆಂಡತಿಗೆ ನಗು ತಡೆಯದೆ ನೀರು ನೆತ್ತಿಗೇರಿತು. ನನ್ನ ಮುಖ ಸಣ್ಣದಾಯಿತು. ಆದರೆ ನನ್ನ ವಿದ್ಯೆಯ ಒಂದು ವಾಕ್ಯ ಈ ಮನೆಯಲ್ಲಿ ಯಾರಿಗಾದರೂ ತಲುಪಿದ್ದು ಇದೇ ಮೊದಲು. ಅತ್ತೆಯ ವ್ಯಾಖ್ಯಾನದಲ್ಲಿ ದೋಷ ಹುಡುಕಿದೆ, ಸಿಗಲಿಲ್ಲ.

ಆಮೇಲೆ ಪಾತ್ರೆ ಒರೆಸುತ್ತಾ, ಅವಳ ಕಡೆ ನೋಡದೆ, "ನಾಳೆ ಬರ್ತೀಯಾ?" ಎಂದೆ.

"ಅಮ್ಮ ಹೇಳಿದ್ದನ್ನ ಅಲ್ಲಿ ಹೇಳ್ತೀರಾ?"

"ಹೇಳ್ತೀನಿ."

"ಹಾಗಾದ್ರೆ ಬರ್ತೀನಿ. ಮುಂದಿನ ಸಾಲಲ್ಲೇ ಕೂರ್ತೀನಿ. ನೀವು ತಪ್ಪು ಹೇಳಿದ್ರೆ ಕೈ ಎತ್ತಬಹುದು ತಾನೇ?"

ಎತ್ತಬಹುದು ಎಂದೆ. ಡಾಕ್ಟರೇಟಿನ ಪರೀಕ್ಷಕರ ಮುಂದೆಯೂ ಎದೆ ಹೀಗೆ ಹೊಡೆದುಕೊಂಡಿರಲಿಲ್ಲ. ಹೆದರಿಕೆಯೋ ಸಂತೋಷವೋ, ಬಿಡಿಸಿ ನೋಡಬೇಕು. ನಿದ್ದೆ ಎಳೆಯುತ್ತಿದೆ. ಅವಳು ಕೈ ಎತ್ತಿದರೆ, ಮಿಕ್ಕವರೆಲ್ಲ ಸ್ವಲ್ಪ ಕೈ ಇಳಿಸಿ, ಮೊದಲ ಸರದಿ ಅವಳದು ಎಂದು ಹೇಳಬೇಕು.