ಹತ್ತು ಸಲ ತಪ್ಪಿದರೆ

ತಾಂಡೂರ
ರವಿವಾರ, ೨ ಅಕ್ಟೋಬರ್ ೨೦೧೧

ಚಿರಂಜೀವಿ ಪ್ರವೀಣಕುಮಾರನಿಗೆ ನಿನ್ನ ಅಪ್ಪ ಶಂಕ್ರೆಪ್ಪನ ಆಶೀರ್ವಾದ.

ಮೊದಲು ನಿನ್ನ ಮೊಣಕಾಲಿನ ಸುದ್ದಿ ತಿಳಿಸು. ಲಾಠಿ ಬಿದ್ದ ಜಾಗದ ಬಾವು ಇಳಿಯಿತೇ? ದಿನಾ ಎರಡು ಸಲ ಬಿಸಿ ಉಪ್ಪಿನ ಶಾಖ ಕೊಡಬೇಕೆಂದು ನಿನ್ನ ಅವ್ವ ಪಕ್ಕದಲ್ಲೇ ಕುಳಿತು ಬರೆಸುತ್ತಿದ್ದಾಳೆ. ಚಿಂಚೋಳಿಯಲ್ಲಿ ಸೋದರಮಾವನ ಮನೆಯ ಊಟ ನಿನಗೆ ಸೇರುವುದಿಲ್ಲವೆಂದು ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಿದ್ದಾಳೆ. ಎಲ್ಲ ನೀನೊಬ್ಬನೇ ತಿನ್ನಬೇಡ, ಅವರ ಮನೆಯ ಮಕ್ಕಳಿಗೂ ಕೊಡು. ಸೊಸೆ ಭುವನೇಶ್ವರಿ ಆರೋಗ್ಯವಾಗಿದ್ದಾಳೆ. ಮಾತು ಮಾತ್ರ ಕಡಿಮೆ ಮಾಡಿದ್ದಾಳೆ, ಬೀದಿಯಲ್ಲಿ ಜೀಪಿನ ಸದ್ದಾದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಾಳೆ. ನನಗೆ ಕೆಮ್ಮು ಬಿಟ್ಟರೆ ಬೇರೆ ಏನಿಲ್ಲ. ಮೊಬೈಲ್ ಅಂಗಡಿ ಇಟ್ಟುಕೊಂಡು ಕಾಗದ ಬರೆಯುವ ಕಾಲ ಬಂತಲ್ಲ ಎಂದು ನಗಬೇಡ. ಫೋನ್ ಹಚ್ಚಿದರೆ ನೀನಿರುವ ಜಾಗ ಪೊಲೀಸರಿಗೆ ಸಿಗುತ್ತದೆ. ಪ್ರತ್ಯೇಕ ತೆಲಂಗಾಣದ ಮುಷ್ಕರಕ್ಕೆ ಬಸ್ಸುಗಳು ಬಂದಾಗಿ ಎರಡು ವಾರವಾಯಿತು. ಕಾಶಿರಾಮನ ಟೆಂಪೊ ಕಲ್ಲಿನ ಹಾಸು ಹೇರಿಕೊಂಡು ನಿನ್ನ ಕಡೆ ಬರುವುದೊಂದೇ ದಾರಿ.

ನೀನು ಅವನ ಬಾಯಲ್ಲಿ ಹೇಳಿ ಕಳಿಸಿದ್ದು ತಲುಪಿತು. ರೈಲು ತಡೆದ ದಿನ ಸ್ಟೇಷನ್ನಿನಲ್ಲಿ ಕೈಜಾರಿದ ನಿನ್ನ ಫೋನು ಪೊಲೀಸರ ಹತ್ತಿರವೇ ಇದೆ, ಅದೇ ಫೋನಿನ ಸಿಮ್ಮಿನಿಂದ ಅವರು ನಿನ್ನ ಹೆಸರು ಹಿಡಿದರು. ಅದರಲ್ಲಿ ನೀನು ತೆಗೆದ ವಿಡಿಯೊ ಇದೆ, ಸಿಗ್ನಲ್ ಕೋಣೆಯ ಗಾಜಿಗೆ ಕಲ್ಲು ಬಿದ್ದ ಹೊತ್ತಿನಲ್ಲಿ ನೀನು ಎದುರಿನ ಪ್ಲಾಟ್‌ಫಾರಂ ಮೇಲೆ ನಿಂತಿದ್ದೆ, "ಬ್ಯಾಡ್ರೋ, ಕಲ್ಲ ಬ್ಯಾಡ" ಎಂದು ಒದರಿದ ದನಿಯೂ ಅದರಲ್ಲಿದೆ. ನಾನು ಆ ಫೋನು ತೆರೆದು ತೋರಿಸಿದರೆ ನಿನ್ನ ಮೇಲಿನ ಕೇಸು ಬಿದ್ದುಹೋಗುತ್ತದೆ. ಹೀಗೆ ತಾನೇ ನೀನು ಹೇಳಿದ್ದು? ಸರಿ. ಆ ಕಲ್ಲು ಎಸೆದವನು ಮಾಲತೀಬಾಯಿಯ ಮಗ ಮಿಲಿಂದ ಎಂದು ನೀನು ಓಡಿಹೋಗುವ ಮುಂಚೆ ನನ್ನ ಕಿವಿಯಲ್ಲಿ ಹೇಳಿದ್ದೆ. ಅದನ್ನು ನಾನು ಮನೆಯಲ್ಲೂ ಬಾಯಿ ಬಿಟ್ಟಿಲ್ಲ. ಗಾಜು ಬಡಿದು ಹಣೆ ಒಡೆದುಕೊಂಡ ಸಿಗ್ನಲ್ ಕೋಣೆಯ ಪೋಚಪ್ಪನನ್ನು ನೋಡಿಕೊಂಡು ಬಂದೆ. ಆರು ಹೊಲಿಗೆ ಬಿದ್ದಿವೆ. ಆಸ್ಪತ್ರೆಯಿಂದ ಮನೆಗೆ ಬಂದಿದ್ದಾನೆ, ನನಗೆ ಚಹಾ ಕುಡಿಸಿ ಕಳಿಸಿದ.

ಈಗ ಆ ಫೋನು ಮಾಡಿದ ನಿನ್ನ ಕಂಪನಿಯ ವಿಷಯಕ್ಕೆ ಬರುತ್ತೇನೆ. ನಿನ್ನ ಕಂಪನಿ ಎನ್ನುತ್ತೇನೆ, ಯಾಕೆಂದರೆ ಅದನ್ನು ಹೊಗಳುವಾಗ ನೀನು ಅದರ ಪಾಲುದಾರನ ಹಾಗೆ ಎದೆ ಉಬ್ಬಿಸುತ್ತೀ. ಹೈದರಾಬಾದಿಗೆ ಹೋಗಿ ಆ ಫೋನು ತಂದ ದಿನ ನೆನಪಿದೆಯೇ? ನಾನು ಮೊದಲು ಕೇಳಿದ್ದು ಬ್ಯಾಟರಿ ಎಲ್ಲಿ ಅಂತ. ತೆಗೆಯಲು ಬರುವುದಿಲ್ಲ ಎಂದೆ ನೀನು. ಹಾಡಿನ ಕಾರ್ಡು ಹಾಕುವ ಸಂದು? ಅದೂ ಇಲ್ಲ ಎಂದೆ. ಬಿಚ್ಚೋಣವೆಂದರೆ ಅದರ ಸ್ಕ್ರೂ ಐದೆಸಳಿನ ಹೂವಿನ ಹಾಗಿದೆ, ನನ್ನ ಡಬ್ಬಿಯ ಮೂವತ್ತು ಪೇಚಕಸಗಳಲ್ಲಿ ಒಂದೂ ಕೂಡುವುದಿಲ್ಲ. ರೇಡಿಯೊದಿಂದ ಇಲ್ಲಿಯವರೆಗೆ ನಾನು ಬಿಚ್ಚದ ಯಂತ್ರವಿಲ್ಲ. ನನ್ನಂಥವನು ಒಳಗೆ ಇಣುಕಬಾರದು ಎಂದೇ ಒಬ್ಬ ಕುಳಿತು ಹೊಸ ಸ್ಕ್ರೂ ಹುಟ್ಟಿಸಿದ್ದಾನಲ್ಲ, ಅದು ನನಗೆ ಅವಮಾನವೇ ಅನ್ನಿಸಿತು. ಈಗಲೂ ಅನ್ನಿಸುತ್ತದೆ.

ನೀನು ವ್ಯಾಪಾರದ ಬುದ್ಧಿ ಎನ್ನುತ್ತೀ. ಫೋನು ಅವರದು, ಹಾಡು ಅವರ ಅಂಗಡಿಯದು, ರಿಪೇರಿ ಅವರದೇ, ವೈರು ಕೂಡ ಬೇರೆಯವರದು ನಡೆಯುವುದಿಲ್ಲ. ಮನೆ ಬಾಡಿಗೆಗೆ ಕೊಟ್ಟು ಒಲೆಯನ್ನೂ ನಮ್ಮ ಹತ್ತಿರವೇ ಹೊತ್ತಿಸಿಕೊಂಡು ಹೋಗಿ ಎಂದ ಹಾಗಾಯಿತು. ಬೊಮ್ರಾಸಪೇಟಿನ ರೈತ ನಮ್ಮಲ್ಲಿಗೆ ಯಾಕೆ ಬರುತ್ತಾನೆ? ಕರೆಂಟು ಹೋದಾಗ ಇರಲೆಂದು ಒಂದು ಜಾಸ್ತಿ ಬ್ಯಾಟರಿಗೆ, ಕಾರ್ಡಿನ ತುಂಬ ಹಾಡಿಗೆ. ಈ ಮುಷ್ಕರದ ದಿನಗಳಲ್ಲಿ ತೆಲಂಗಾಣದ ಹಾಡು ತುಂಬಿಸಿಕೊಳ್ಳಲು ದೌಲತಾಬಾದಿನಿಂದ ನಡೆದು ಬಂದವರಿದ್ದಾರೆ. ಅವರಿಗೆ ನಿನ್ನ ಕಂಪನಿ ಏನು ಕೊಡುತ್ತದೆ? ಜಹೀರಾಬಾದಿನಿಂದ ಬಂದ ಆ ಟೈ ಕಟ್ಟಿದ ಏಜೆಂಟ, ತನ್ನ ಊರಿನ ಜೊತೆ ನಾರಾಯಣಖೇಡ, ತಾಂಡೂರ ಸೇರಿಸಿ ಮೂರೂ ಊರಿಗೆ ಒಂದೇ ಗಾಜಿನ ಅಂಗಡಿ ಸಾಕು ಎಂದಾಗ ನೀನು ತಲೆಯಾಡಿಸಿದೆ. ನನಗೆ ಮೈ ಉರಿಯಿತು. ಮೂರು ಊರಿನ ಜನ ಹಾಳಾದ ಫೋನು ಹಿಡಿದುಕೊಂಡು ಎಲ್ಲಿಗೆ ಹೋಗಬೇಕು?

ನ್ಯಾಯವಾದ ಮಾತನ್ನೂ ಹೇಳುತ್ತೇನೆ. ಒಮ್ಮೆ ನೀನು ಅದರ ಒಳಗಿನ ಚಿತ್ರ ತೋರಿಸಿದ್ದೆಯಲ್ಲ, ಆ ಕೆಲಸಕ್ಕೆ ಕೈ ಮುಗಿಯಬೇಕು. ಯಾರೂ ನೋಡದ ಜಾಗವನ್ನೂ ಅಷ್ಟು ಒಪ್ಪವಾಗಿ ಜೋಡಿಸಿದವರು ಸುಮ್ಮನೆ ಕುಳಿತವರಲ್ಲ. ಬೀಗದ ವಿಷಯದಲ್ಲಿ ಮಾತ್ರ ನೀನೇ ಅವರ ಹೆಸರು ಕೆಡಿಸಿದೆ. ಜನ ನಂಬರು ಮರೆಯುತ್ತಾರೆಂದು ಬಂದವರ ಫೋನಿಗೆಲ್ಲ ನಮ್ಮ ಅಂಗಡಿ ತೆರೆದ ಇಸವಿಯನ್ನೇ ಬೀಗ ಮಾಡಿಕೊಟ್ಟೆ. ಅರ್ಧ ತಾಂಡೂರಿಗೆ ಒಂದೇ ಕೀಲಿಕೈ! ನಿನ್ನ ದುಬಾರಿ ಫೋನಿಗೂ ಅದನ್ನೇ ಇಟ್ಟುಕೊಂಡಿದ್ದೀ ಎಂದು ಕಾಶಿರಾಮ ಹೇಳಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಂಗಡಿಯ ಬೋರ್ಡಿನ ಮೇಲೆ ಗೇಣುದ್ದದ ಅಂಕಿಗಳಲ್ಲಿ ಬರೆದ ನಂಬರು ಅದು.

ಶುಕ್ರವಾರ ಠಾಣೆಗೆ ಹೋಗಿ, ಫೋನಿನಲ್ಲಿ ನನ್ನ ಮಗನ ಸಾಕ್ಷಿಯಿದೆ, ನಾನೇ ತೆರೆದುಕೊಡುತ್ತೇನೆ ಎಂದೆ. ನಂಬರು ಅವರಿಗೆ ಹೇಳಲಿಲ್ಲ. ನಾನೇ ತೆರೆದರೆ ಆ ಒಂದು ವಿಡಿಯೊದಲ್ಲಿ ನಿನ್ನ ದನಿ ಕೇಳಿಸಿ ಮುಗಿಸಬಹುದು ಎಂದುಕೊಂಡಿದ್ದೆ. ಸಾಹೇಬರು ಒಪ್ಪಿದರು. ಶನಿವಾರ ತೆರೆಯದಿದ್ದರೆ ಸೋಮವಾರ ಹೈದರಾಬಾದಿಗೆ ಕಳಿಸುತ್ತೇವೆ, ಅಲ್ಲಿ ಹೇಗಾದರೂ ತೆರೆಯುತ್ತಾರೆ ಎಂದರು.

ಶನಿವಾರ ಬೆಳಿಗ್ಗೆ ಬಾಗಿಲು ತೆರೆಯುತ್ತಿದ್ದ ಹಾಗೆ ಮಾಲತೀಬಾಯಿ ಬಂದರು. ತಹಸೀಲ್ ಕಚೇರಿಯವರೆಲ್ಲ ಮುಷ್ಕರದಲ್ಲಿದ್ದಾರಲ್ಲ, ಆಕೆಯೂ ಮನೆಯಲ್ಲೇ ಇದ್ದಾರೆ. ಮಗನ ಹೆಸರೆತ್ತುತ್ತಾರೆಂದು ನಾನು ಮೈ ಬಿಗಿಹಿಡಿದು ಕುಳಿತೆ. "ಶಂಕ್ರೆಪ್ಪಣ್ಣ, ಪ್ರವೀಣ ಆರಾಮ ಅದಾನಿಲ್ರಿ? ಊಟಕ್ಕ ಏನ್ ಮಾಡ್ಲಿಕತ್ಯಾನ್ರಿ?" ಎಂದರು. ಇಷ್ಟೇ ಕೇಳಿ, ಒಂದು ಡಬ್ಬಿಯಲ್ಲಿ ಉಂಡೆ ಇಟ್ಟು ಹೋದರು. ಕಣ್ಣು ಕೆಂಪಾಗಿದ್ದವು. ಆ ಡಬ್ಬಿಯೂ ಈ ಗಂಟಿನಲ್ಲಿದೆ.

ಮಧ್ಯಾಹ್ನ ಹೆಡ್ ಕಾನ್‌ಸ್ಟೇಬಲ್ ಅಂಜಪ್ಪ ಫೋನನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದ. ಕರೆಂಟಿರಲಿಲ್ಲ, ಕಲ್ಲಿದ್ದಲ ಗಣಿಯವರೂ ಮುಷ್ಕರದಲ್ಲಿದ್ದಾರೆ. ಬೋರ್ಡಿನ ಕೆಳಗೆ ನೆರಳಿದೆಯೆಂದು ಅಲ್ಲೇ ಸ್ಟೂಲು ಹಾಕಿಕೊಂಡು ಕುಳಿತ. ಒಳ್ಳೆಯ ಮನುಷ್ಯ, ಮನೆ ಸುದ್ದಿಯೆಲ್ಲ ಕೇಳಿದ. ಆಮೇಲೆ ಸಮಾಧಾನ ಹೇಳುವವನ ಹಾಗೆ, "ಇದೊಂದು ತೆರದ್ರ ನಿಮ್ಮ ಮಗನ ಚಿಂತಿ ಬಿಡ್ರಿ. ಆತ ಠಾಣ್ಯಾಗ ಬಂದು ಕುಂತು, ವಿಡಿಯೊದಾಗ ಕಂಡವ್ರದು ಒಬ್ಬೊಬ್ಬರ ಹೆಸರ ಹೇಳಿದ್ರ ಆತು. ಮುಖ ಕಂಡವ್ರ ಮ್ಯಾಲೆಲ್ಲ ಕೇಸ ಹಾಕಾಕ ಹುಕುಂ ಬಂದದ" ಎಂದ. ಸಾಹೇಬರು ಈ ಮಾತು ನನಗೆ ಹೇಳಿರಲಿಲ್ಲ.

ನಾನು ಫೋನು ಕೈಗೆ ತೆಗೆದುಕೊಂಡೆ. ನಿನ್ನ ಕಂಪನಿ ಗುಂಡಿಗಳನ್ನು ತೆಗೆದುಹಾಕಿ ಬರೀ ಗಾಜು ಇಟ್ಟಿದೆಯಲ್ಲ, ಬೆಸುಗೆ ಕಾವಿಗೆ ದಡ್ಡುಗಟ್ಟಿದ ನನ್ನ ಬೆರಳನ್ನು ಅದು ಬೆರಳೆಂದೇ ಒಪ್ಪುವುದಿಲ್ಲ. ಒಂದು ಅಂಕಿಗೆ ಒತ್ತಿದರೆ ಪಕ್ಕದ್ದು ಬೀಳುತ್ತದೆ. ಐದು ಸಲ ತಪ್ಪಿತು. ಆರನೆಯ ಸಲಕ್ಕೆ ಒಂದು ನಿಮಿಷ ತಡೆ ಎಂದಿತು, ಏಳಕ್ಕೆ ಐದು ನಿಮಿಷ, ಎಂಟಕ್ಕೆ ಕಾಲು ತಾಸು. ಒಂಬತ್ತಕ್ಕೆ ಪೂರಾ ಒಂದು ತಾಸು. ಆ ತಾಸು ಹೇಗೆ ಕಳೆಯಿತೋ! ಅಂಜಪ್ಪ ತನ್ನ ಫೋನು ತೆಗೆದು ವೇಳೆ ನೋಡುತ್ತಿದ್ದ. ಅದಕ್ಕೂ ನೀನೇ ಬೀಗ ಹಾಕಿಕೊಟ್ಟದ್ದು, ಅದೇ ಇಸವಿ. ಪ್ರತಿ ಸಲ ನನ್ನ ಕಣ್ಣೆದುರೇ ಆ ನಾಲ್ಕು ಅಂಕಿ ಒತ್ತುತ್ತಿದ್ದ. ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಕೊನೆಗೆ ಆತನೇ ಕೈ ಚಾಚಿ, "ತರ್ರಿ ಇಲ್ಲಿ, ನಾ ಒಂದ್ಸಲ ನೋಡ್ತೀನಿ. ನಿಮ್ಮ ಬೆರಳಿಗಿ ಬಗ್ಗಂಗಿಲ್ಲದು" ಎಂದ. ಒಂದೇ ಸಲ ಉಳಿದಿದೆ, ನನ್ನ ಮಗನ ಫೋನು, ಕೆಟ್ಟರೆ ನನ್ನ ಕೈಯಲ್ಲೇ ಕೆಡಲಿ ಎಂದು ನಾನು ಕೊಡಲಿಲ್ಲ.

ಹತ್ತನೆಯದೂ ತಪ್ಪಿತು. ಹತ್ತು ಸಲ ತಪ್ಪಿದರೆ ಎಲ್ಲ ತಾನೇ ಅಳಿಸಿಹೋಗುತ್ತದೆ, ಕಳ್ಳನಿಗೆ ಏನೂ ಸಿಗುವುದಿಲ್ಲ ಎಂದು ನೀನು ಹೆಮ್ಮೆಯಿಂದ ಹೇಳುತ್ತಿದ್ದೆಯಲ್ಲ, ಹಾಗೇ ಆಯಿತು. ಗಾಜು ಕಪ್ಪಾಗಿ, ಸ್ವಲ್ಪ ಹೊತ್ತಿಗೆ ಈಗ ತಾನೇ ಅಂಗಡಿಯಿಂದ ತಂದ ಫೋನಿನ ಹಾಗೆ ಹೊಳೆಯತೊಡಗಿತು. ಒಳಗೆ ಒಂದು ಚಿತ್ರವೂ ಇಲ್ಲ. ಅಂಜಪ್ಪ ಹಣೆ ಬಡಿದುಕೊಂಡ. "ನಿಮ್ಮ ಮಗನ ಸಾಕ್ಷಿ ಹೋತಲ್ರಿ ಯಪ್ಪಾ" ಎಂದು ನನಗಿಂತ ಅವನೇ ಹೆಚ್ಚು ಮರುಗಿದ. ಠಾಣೆಯಲ್ಲಿ ಸಾಹೇಬರು ನನಗೆ ಬಾಯಿಗೆ ಬಂದ ಹಾಗೆ ಬೈದರು, ನಿನ್ನ ಕಂಪನಿಗೂ ಬೈದರು. ಬಿಟ್ಟು ಕಳಿಸಿದ್ದು ಸಂಜೆಗೆ.

ಆದ್ದರಿಂದ ಸದ್ಯಕ್ಕೆ ನೀನು ಅಲ್ಲೇ ಇರಬೇಕು. ಗುರುವಾರದ ದಸರೆಗೆ ಬರುವ ಆಸೆ ಬಿಡು. ವಕೀಲರು ಬೇರೆ ದಾರಿ ಹುಡುಕೋಣ ಎಂದಿದ್ದಾರೆ. ಎಷ್ಟು ತಿಂಗಳು ಎಂದು ಕೇಳಿದರೆ ಕಾಗದ ತಿರುವುತ್ತಾರೆ. ಭುವನೇಶ್ವರಿ ನನ್ನ ಬೆರಳುಗಳನ್ನು ನೋಡಿ ಒಳಗೆ ಹೋದಳು. ಹೊಟ್ಟೆಗೆ ಸರಿಯಾಗಿ ತಿನ್ನು, ಕಾಲು ಊರಿ ಓಡಾಡಬೇಡ. ಮಾವ ಅತ್ತೆಗೆ ನಮ್ಮ ಶರಣು ಹೇಳು, ಮಕ್ಕಳಿಗೆ ಮುದ್ದು. ಬಸವಣ್ಣ ನಿನ್ನ ಬೆನ್ನಿಗಿರಲಿ.

ನಿನ್ನ ಅಪ್ಪ,
ಶಂಕ್ರೆಪ್ಪ

ತಾ.ಕ.: ಕಾಶಿರಾಮ ಹೊರಗೆ ಹಾರ್ನು ಹೊಡೆಯುತ್ತಿದ್ದಾನೆ, ಅವ್ವ ಒಳಗೆ ಹೋಗಿದ್ದಾಳೆ, ಬೇಗ ಬರೆಯುತ್ತೇನೆ. ನನ್ನ ಬೆರಳು ಒಂದು ಸಲವೂ ತಪ್ಪಿಲ್ಲ ಪ್ರವೀಣ. ಹತ್ತು ಸಲವೂ ಬೇಕೆಂದೇ ಬೇರೆ ಅಂಕಿ ಒತ್ತಿದೆ. ಠಾಣೆಗೆ ಹೋದಾಗ ತೆರೆಯುವ ಮನಸ್ಸಿನಿಂದಲೇ ಹೋಗಿದ್ದೆ, ಲಿಂಗ ಮುಟ್ಟಿ ಹೇಳುತ್ತೇನೆ. ಠಾಣೆಯಲ್ಲಿ ಕುಳಿತು ನೀನು ಒಬ್ಬೊಬ್ಬರ ಹೆಸರು ಹೇಳುವುದನ್ನು ನೆನೆಸಿಕೊಂಡೆ, ಕೈ ಬರಲಿಲ್ಲ. ಹಾಗೇ ಬಿಟ್ಟಿದ್ದರೆ ಹೈದರಾಬಾದಿನಲ್ಲಿ ತೆರೆಯುತ್ತಿದ್ದರು. ನಿನ್ನನ್ನು ಕೇಳದೆ ಮಾಡಿದೆ, ಕೇಳಿದ್ದರೆ ನೀನು ಏನನ್ನುತ್ತಿದ್ದೆಯೋ ಎಂಬ ಭಯವೂ ಇತ್ತು. ಭುವನೇಶ್ವರಿಗೆ ಹೇಳುವ ಧೈರ್ಯ ನನಗಿಲ್ಲ. ಈ ಕಾಗದ ಓದಿ ಒಲೆಗೆ ಹಾಕು. ನಿನ್ನನ್ನು ಮನೆಗೆ ಕರೆತರುವುದು ನಿನ್ನೆ ನನ್ನ ಕೈಯಲ್ಲೇ ಇತ್ತು ಮಗನೇ, ನಾನು ಕರೆತರಲಿಲ್ಲ.