ಹನ್ನೆರಡು ಪಟ್ಟಿಯ ಘಾಗ್ರಾ

ಮಸ್ಕಿ
೯ ಫೆಬ್ರವರಿ ೨೦೨೫

ಪ್ರೀತಿಯ ವಸೀಮಾ,

ಅಕ್ಷರ ನೋಡಿಯೇ ಗುರುತು ಹಿಡಿದಿರುತ್ತೀ. ಇಪ್ಪತ್ತೆರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳುವ ಧೈರ್ಯ ಬರಲಿಲ್ಲ.

ಹೋದ ತಿಂಗಳು ಮಗಳು ದೀಪಾಳ ಲಿಂಗಸುಗೂರಿನ ಕಾಲೇಜಿನಲ್ಲಿ ಹಳೆಗಾಲದ ಉಡುಪಿನ ದಿನವಿತ್ತು. "ಯವ್ವಾ, ಬಾಡಿಗಿ ಡ್ರೆಸ್ ಬ್ಯಾಡ. ನಿಜಾಮರ ಕಾಲದ್ದು ಏನರ ನೀನ ಹೊಲ್ದು ಕೊಡು" ಅಂತ ಹಟ ಹಿಡಿದಳು. ಟ್ರಂಕಿನ ತಳದಿಂದ ಹಳೆಯ ಉರ್ದು ಪೇಪರಿನಲ್ಲಿ ಕತ್ತರಿಸಿದ ಅಳತೆಯ ಕಾಗದ ಹೊರತೆಗೆದೆ.

ಹೌದು ವಸೀಮಾ, ಅದೇ. ಮುದಗಲ್ಲಿನಲ್ಲಿ ನಮಗಿಬ್ಬರಿಗೂ ಹೊಲಿಗೆ ಕಲಿಸಿದ ಸುಭಾನಬಿ ಆಪಾ, ತಮ್ಮ ಅಜ್ಜಿಯ ಘಾಗ್ರಾ ನೋಡಿ ಕತ್ತರಿಸಿದ್ದ ಅಳತೆ. ನೀನೇ ಕಳೆದೆ ಎಂದು ಅವರು ಬೈದಾಗ ನೀನು ಅತ್ತುಬಿಟ್ಟೆ. ಪಕ್ಕದ ಮಷೀನಿನಲ್ಲಿ ನಾನು ಸುಮ್ಮನೆ ಪೆಡಲ್ ತುಳಿಯುತ್ತ ಕೂತೆ. ಅದು ನನ್ನ ಚೀಲದಲ್ಲಿತ್ತು.

ನನ್ನ ಹಳೆಯ ಇಳಕಲ್ ಸೀರೆ ಕತ್ತರಿಸಿ ಹನ್ನೆರಡು ಪಟ್ಟಿ ಜೋಡಿಸಿದೆ. ದೀಪಾಳ ನಡು ಇಪ್ಪತ್ತೆಂಟು ಇಂಚು. ಘಾಗ್ರಾ ಇಪ್ಪತ್ನಾಲ್ಕಕ್ಕೇ ನಿಂತಿತು. ಆಪಾರ ಅಜ್ಜಿ ದಪ್ಪ ಹೆಂಗಸು, ಫೋಟೋ ನೋಡಿದ್ದೆವಲ್ಲ! ಇಪ್ಪತ್ನಾಲ್ಕು ಯಾರದು? ನಿನ್ನದೇ. ನಿನಗೆ ಟೇಪು ಸುತ್ತಿ ಸುತ್ತಿಯೇ ಅಲ್ಲವೇ ನಾನು ಅಳತೆ ಕಲಿತದ್ದು.

ನಡುಪಟ್ಟಿ ಬಿಚ್ಚಿ ಒಂದೊಂದು ಹೊಲಿಗೆಯನ್ನೂ ಚೂರುಚೂರು ಸಡಿಲಿಸಿದೆ. ಓರೆಯಾಗಿ ಕತ್ತರಿಸಿದ ಬಟ್ಟೆ ಜೋತು ಕೆಳಗಿನ ಅಂಚು ಏರುಪೇರಾಯಿತು. ಮಗಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಮೊಣಕಾಲೂರಿ ಸುತ್ತಲೂ ಸೀಮೆಸುಣ್ಣದ ಗುರುತು ಹಾಕಿದೆ. ಅವಳು ಗಿರ್ರನೆ ತಿರುಗಿದಳು, ಪಟ್ಟಿಗಳೆಲ್ಲ ಒಟ್ಟಿಗೆ ಅರಳಿದವು. "ಚಂದ ಆಗೈತಿ. ನೀ ಯಾಕ ಅಳಾಕತ್ತಿ?" ಎಂದಳು.

ಮರುದಿನವೇ ಮುದಗಲ್ಲಿಗೆ ಹೋದೆ. ಆಪಾಗೆ ಈಗ ಕಣ್ಣು ಮಂಜು. ಕಾಗದದ ಅಂಚನ್ನು ಬೆರಳಿನಿಂದ ಸವರಿ ಗುರುತು ಹಿಡಿದರು.

"ವಸೀಮಾನ ನಿಕಾಹ್‌ಕ್ಕ ಹೊಲೀಬೇಕಂತ ಆಕಿ ಅಳತಿಗಿ ಕತ್ರಿಸಿದ್ದೆ. ಆಕಿಗಿ ಗೊತ್ತಾಗಬಾರ್ದಂತ ಹೇಳಿದ್ದಿಲ್ಲ."

ಕದ್ದವಳು ನಾನೇ ಎಂದು ಕಾಲಿಗೆ ಬಿದ್ದೆ. ಆಪಾ ಕಾಗದ ಮಡಿಚಿ ನನ್ನ ಕೈಗಿಟ್ಟರು.

"ನನ್ನ ಕಾಲಾಗ ಏನೈತಿ? ಬೈಸಿಕೊಂಡಾಕಿ ಸಿಂಧನೂರಾಗ ಅದಾಳ. ಸುಮ್ ಸುಮ್ಕ ಬೈದೀನಿ, ನಾನೂ ಮಾಫಿ ಕೇಳಬೇಕು. ನನ್ನೂ ಕರ್ಕೊಂಡು ಹೋಗು, ಬೇಟಿ."

ಬರುವ ಭಾನುವಾರ ಆಪಾರನ್ನು ಕರೆದುಕೊಂಡು ಬರುತ್ತೇನೆ. ಬಾಗಿಲು ಅವರಿಗೆ ಮಾತ್ರ ತೆಗೆದರೂ ಸಾಕು, ನಾನು ಹೊರಗೆ ಕಟ್ಟೆಯ ಮೇಲೆ ಕೂತಿರುತ್ತೇನೆ.

ನಿನ್ನ ತಪ್ಪಿತಸ್ಥ ಗೆಳತಿ,
ಅಂಜಲಿ

ಮರೆತ ಮಾತು: ಘಾಗ್ರಾದ ಆಸೆಗೆ ಕದ್ದೆ ಎಂದು ಆಪಾಗೆ ಹೇಳಿದೆ. ಅದು ಸುಳ್ಳು. ಆಗ ನಿನಗೆ ಸಿಂಧನೂರಿನ ಸಂಬಂಧ ನಿಶ್ಚಯವಾಗಿತ್ತು. ಕಾಗದ ಕಾಣದಿದ್ದರೆ ಅದನ್ನು ಹುಡುಕಲಾದರೂ ದಿನಾ ಬರುತ್ತೀ, ಇನ್ನಷ್ಟು ದಿನ ನನ್ನ ಪಕ್ಕ ಇರುತ್ತೀ ಎಂದುಕೊಂಡಿದ್ದೆ. ನೀನು ಮರುದಿನದಿಂದಲೇ ಬರುವುದು ಬಿಟ್ಟೆ.